ಹುಲಿಗುರುತಿನ ಪಿಸ್ತೂಲು, ಆರು ಗುಂಡಿನ ರಿವಾಲ್ವರು

ಅಂಚೆಚೀಟಿಗಳನ್ನು ಕೂಡಿಡುವವರುಂಟು, ಹಳೆಯ ನಾಣ್ಯಗಳ ಬೆನ್ನು ಹತ್ತಿ ಸಂತೆ ಸಂತೆ ಅಲೆಯುವವರುಂಟು, ಒಡೆದ ಗಡಿಯಾರಗಳನ್ನು ಮನೆಯ ತುಂಬ ತುಂಬಿಕೊಂಡು ಮನೆಯಾಕೆಯ ಕೋಪಕ್ಕೆ ಗುರಿಯಾದವರೂ ಉಂಟು. ಆದರೆ ಹಳೆಯ ಸೈನ್ಯದ ಪಿಸ್ತೂಲು, ರಿವಾಲ್ವರುಗಳನ್ನು ಹುಡುಕಿ ಸಂಗ್ರಹಿಸುವವರ ಪಂಗಡವೇ ಬೇರೆ. ಅದು ಹಣವುಳ್ಳವರ ಹವ್ಯಾಸ, ಇತಿಹಾಸ ಬಲ್ಲವರ ಹವ್ಯಾಸ. ಎಲ್ಲಕ್ಕಿಂತ ಮಿಗಿಲಾಗಿ, ಕಾನೂನಿಗೆ ಅಂಜಿ ನಡೆಯಬೇಕಾದ ಹವ್ಯಾಸ. ವಿಲಾಯತಿಯಲ್ಲಿಯೂ ಅಮೆರಿಕೆಯಲ್ಲಿಯೂ ಇದಕ್ಕೆ ಸಂಘಗಳಿವೆ, ಹರಾಜಿನ ಮನೆಗಳಿವೆ, ದಪ್ಪ ದಪ್ಪ ಗ್ರಂಥಗಳಿವೆ. ಆ ಗ್ರಂಥಗಳನ್ನು ಬಿಡಿಸಿದರೆ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಊರಿನ ಹೆಸರೊಂದು ಕನ್ನಡಿಗರಿಗೆ ತೀರ ಹತ್ತಿರದ್ದು. ಅದು ಶ್ರೀರಂಗಪಟ್ಟಣ.

ಸೈನ್ಯಗಳು ನಡೆದ ಹಾದಿ

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಇಂದು ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಬಸ್ಸು ನಿಲ್ಲುವ ಊರೆಂದೇ ಪ್ರಯಾಣಿಕರಿಗೆ ಪರಿಚಿತ. ಹೊಯ್ಸಳರ ಕಾಲದ ದೇವಾಲಯಗಳನ್ನು ಉಳಿಸಿಕೊಂಡಿರುವ ಈ ಊರಿನಿಂದ ದಕ್ಷಿಣಕ್ಕೆ ನಾಗಮಂಗಲ, ಮೇಲುಕೋಟೆ, ಪಾಂಡವಪುರಗಳನ್ನು ದಾಟಿ ಶ್ರೀರಂಗಪಟ್ಟಣವನ್ನು ಸೇರುವ ಸೀಮೆಯಿದೆಯಲ್ಲ, ಹದಿನೆಂಟನೆಯ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಅದು ಕಂಡಷ್ಟು ಸೈನ್ಯಗಳನ್ನು ಕನ್ನಡನಾಡಿನ ಬೇರಾವ ಸೀಮೆಯೂ ಕಂಡಿರಲಾರದು. 1771ರಲ್ಲಿ ಚಿನಕುರಳಿಯ ಬಳಿ ಹೈದರಾಲಿ ಮರಾಠರ ಕೈಯಲ್ಲಿ ಸೋತು ಓಡಿದ್ದು ಇಲ್ಲಿಯೇ. 1792ರಲ್ಲಿ ಪರಶುರಾಮ ಭಾವೂವಿನ ದಂಡು ನಾಗಮಂಗಲವನ್ನು ಹಾಳುಗೆಡವಿತು.

ಇವೆರಡರ ನಡುವೆ, 1791ರ ಮೇ ತಿಂಗಳಿನಲ್ಲಿ, ಒಂದು ವಿಚಿತ್ರ ಪ್ರಸಂಗ ನಡೆಯಿತು. ಶ್ರೀರಂಗಪಟ್ಟಣವನ್ನು ಮುತ್ತಲು ಬಂದ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯಕ್ಕೆ ಮಳೆ ಹಿಡಿಯಿತು, ಧಾನ್ಯ ಮುಗಿಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆಗೋಡೆಯನ್ನು ಒಡೆಯಲೆಂದು ಅಷ್ಟು ದೂರ ಎಳೆದು ತಂದಿದ್ದ ಭಾರಿ ಫಿರಂಗಿಗಳನ್ನು ಹಿಂದಕ್ಕೆ ಎಳೆಯುವವರೇ ಇಲ್ಲದಾಗಲು, ಕಣ್ಣಂಬಾಡಿಯ ಬಳಿ ತನ್ನ ಫಿರಂಗಿಗಳನ್ನು ತಾನೇ ನಾಶಮಾಡಿ ಆತ ಹಿಂತಿರುಗಬೇಕಾಯಿತು. ನೆರವಿಗೆ ಬರಬೇಕಾಗಿದ್ದ ಮರಾಠರ ಸೈನ್ಯ ಬಂದು ಕೂಡಿದ್ದು ಅದಾದ ಮೇಲೆ!

ಇಂತಹ ನೆಲದಲ್ಲಿ ನೇಗಿಲ ಮೊನೆಗೆ ಸೀಸದ ಗುಂಡೋ, ತುಕ್ಕು ತಿಂದ ಕಬ್ಬಿಣದ ಚೂರೋ ತಗುಲಿದರೆ ಸೋಜಿಗವೇನೂ ಇಲ್ಲ. ಆದರೆ ಸಂಗ್ರಾಹಕರು ಹುಡುಕುವುದು ಚೂರನ್ನಲ್ಲ. ಕೆಡದೆ ಉಳಿದ, ಅಂಗಾಂಗಗಳೆಲ್ಲ ಕೂಡಿದ, ಹೆಸರು ಗುರುತು ಅಳಿಯದ ಆಯುಧವನ್ನು. ಅಂತಹವು ಶ್ರೀರಂಗಪಟ್ಟಣದಲ್ಲಿ ಎಷ್ಟಿದ್ದವು, ಅವೆಲ್ಲ ಎಲ್ಲಿಗೆ ಹೋದವು?

ಒಂದು ಮಧ್ಯಾಹ್ನದ ಕೊಳ್ಳೆ

1799ರ ಮೇ 4ರ ಮಧ್ಯಾಹ್ನ ಕೋಟೆ ಬಿದ್ದಿತು. ಟಿಪ್ಪೂ ಸುಲ್ತಾನ ಮಡಿದನು. ಗೆದ್ದವರು ಕೋಟೆಯೊಳಗೆ ಕಂಡ ಸಾಮಗ್ರಿಯನ್ನು ಎಣಿಸಿ ಬರೆದಿಟ್ಟರು. ಅವರ ಲೆಕ್ಕದಲ್ಲಿ ಫಿರಂಗಿಗಳೇ 929. ಬಂದೂಕುಗಳ ಸಂಖ್ಯೆ ಒಂದು ಲಕ್ಷದ ಹತ್ತಿರ ಹತ್ತಿರ. ಇವಲ್ಲದೆ ಫಿರಂಗಿ ಎರಕ ಹೊಯ್ಯುವ ಕಾರ್ಖಾನೆಗಳು, ನಳಿಗೆ ಕೊರೆಯುವ ಯಂತ್ರಗಳು, ಮದ್ದಿನ ಮನೆಗಳು. ಊರಿನ ರೈಲ್ವೆ ನಿಲ್ದಾಣದ ಬಳಿಯಿದ್ದ ಅಂತಹ ಒಂದು ಮದ್ದಿನ ಮನೆ ಜೋಡಿಹಳಿಯ ಕೆಲಸಕ್ಕೆ ಅಡ್ಡಬಂದಾಗ, 2017ರಲ್ಲಿ ಅದನ್ನು ಕೆಡವದೆ, ಇಡಿಯ ಕಟ್ಟಡವನ್ನೇ ಬುಡಸಹಿತ ಎತ್ತಿ ಸುಮಾರು 130 ಮೀಟರು ದೂರ ಸರಿಸಿ ನಿಲ್ಲಿಸಿದ್ದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಮನೆಯೇನೋ ಉಳಿಯಿತು, ಅದರೊಳಗಿದ್ದುದು ಉಳಿಯಲಿಲ್ಲ.

ಬೆಲೆಯುಳ್ಳ ವಸ್ತುಗಳನ್ನು ಅಂದಿನ ಯುದ್ಧಪದ್ಧತಿಯಂತೆ ಕೊಳ್ಳೆಯ ಪಂಚಾಯಿತಿಯೊಂದು ಹಂಚಿತು. ಸಾಮಾನ್ಯ ಬಂದೂಕುಗಳು ಕಂಪೆನಿಯ ಉಗ್ರಾಣಗಳಲ್ಲಿ ಕರಗಿಹೋದವು. ಸುಲ್ತಾನನ ಖಾಸಾ ಆಯುಧಗಳು ಮಾತ್ರ ಒಬ್ಬೊಬ್ಬ ಅಧಿಕಾರಿಯ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಇಂಗ್ಲೆಂಡು, ಸ್ಕಾಟ್ಲೆಂಡುಗಳ ಮನೆಗಳನ್ನು ಸೇರಿ ಗೋಡೆಗಳನ್ನು ಅಲಂಕರಿಸಿದವು.

ಹುಲಿಯ ಕುದುರೆ

ಆ ಆಯುಧಗಳ ವಿಶೇಷವನ್ನು ತಿಳಿಯಬೇಕಾದರೆ ಅಂದಿನ ಪಿಸ್ತೂಲಿನ ಯಂತ್ರವನ್ನು ಅಷ್ಟಿಷ್ಟು ತಿಳಿದಿರಬೇಕು. ನಳಿಗೆಯ ಬುಡದ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು. ಅದರಲ್ಲಿ ಚಿಟಿಕೆ ರಂಜಕದ ಮದ್ದು. ಬಟ್ಟಲಿನ ಮೇಲೆ ಉಕ್ಕಿನ ಮುಚ್ಚಳ. ಎದುರಿಗೆ ಬಾಗಿದ ಕುತ್ತಿಗೆಯ ಕುದುರೆ. ಅದರ ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು. ಬೆರಳಿನ ಕೊಂಡಿಯನ್ನು ಎಳೆದೊಡನೆ ಕುದುರೆ ಮುಂದಕ್ಕೆ ಹಾಯ್ದು ಕಲ್ಲು ಉಕ್ಕನ್ನು ಉಜ್ಜುತ್ತದೆ. ಕಿಡಿ ರಂಜಕಕ್ಕೆ ಬಿದ್ದು, ಸಣ್ಣ ರಂಧ್ರದ ಮೂಲಕ ಬೆಂಕಿ ಒಳಗಿನ ಮದ್ದನ್ನು ಮುಟ್ಟಿ ಗುಂಡು ಹಾರುತ್ತದೆ. ಒಂದು ಸಲ ಹಾರಿದರೆ ಮುಗಿಯಿತು, ಮತ್ತೆ ಮದ್ದು ತುಂಬಿ ಗಜದಿಂದ ಜಡಿಯಬೇಕು. ಈ ತೊಡಕನ್ನು ನೀಗಲೆಂದೇ ಎರಡು ನಳಿಗೆಗಳ ಪಿಸ್ತೂಲುಗಳು ಹುಟ್ಟಿದ್ದು. ಟಿಪ್ಪೂವಿನ ಕಾರ್ಖಾನೆಗಳಲ್ಲಿ ಇಂತಹವೂ ತಯಾರಾದವು.

ಯಂತ್ರ ಐರೋಪ್ಯರದಾದರೂ ರೂಪ ಇಲ್ಲಿನದೇ. ಖಾಸಾ ಆಯುಧಗಳಲ್ಲಿ ಕುದುರೆಗೆ ಹುಲಿಯ ಆಕಾರ. ಹಿಡಿಯ ತುದಿಯಲ್ಲಿ ಹುಲಿಯ ಮುಖ. ಉಕ್ಕಿನ ಮೇಲೆ ಚಿನ್ನ ಬೆಳ್ಳಿಯ ಎಳೆಗಳಲ್ಲಿ ‘ಬಬ್ರಿ’ ಎಂದು ಹೆಸರಾದ ಹುಲಿಪಟ್ಟೆ. ಪಾರಸಿಯಲ್ಲಿ ‘ಬಬ್ರ್’ ಎಂದರೆ ಹುಲಿ. ತಂದೆ ಹೈದರನ ಹೆಸರನ್ನು ಅಡಕಮಾಡಿದ ಮುದ್ರೆ, ಆಯುಧ ತಯಾರಾದ ಊರಿನ ಹೆಸರು, ವರ್ಷ, ಇವೆಲ್ಲವೂ ಇರುತ್ತವೆ. ಶ್ರೀರಂಗಪಟ್ಟಣವನ್ನು ಬರಿದೆ ‘ಪಟ್ಟಣ್’ ಎಂದು ಬರೆಯುವುದು ವಾಡಿಕೆ.

ಈ ವರ್ಷದ ಲೆಕ್ಕದಲ್ಲಿ ಹೊಸಬರು ಮುಗ್ಗರಿಸುತ್ತಾರೆ. ಸುಲ್ತಾನನು ಹಿಜರಿ ಶಕವನ್ನು ಬಿಟ್ಟು, ಪೈಗಂಬರರ ಜನನದಿಂದ ಎಣಿಸುವ ‘ಮೌಲೂದಿ’ ಶಕವನ್ನು ಜಾರಿಗೆ ತಂದನು; ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದನು. ಆದುದರಿಂದ 1226 ಎಂಬುದು ಅರಿಯದವರ ಕಣ್ಣಿಗೆ 6221 ಎಂದು ತೋರುತ್ತದೆ. ಮೌಲೂದಿ 1226 ಎಂದರೆ ಸುಮಾರು 1798, ಸುಲ್ತಾನನ ಕೊನೆಯ ದಿನಗಳು. ನಾಣ್ಯ ಸಂಗ್ರಾಹಕರಿಗೆ ಈ ಗುಟ್ಟು ಹಳೆಯದು. ಆಯುಧ ಸಂಗ್ರಾಹಕರಿಗೂ ಇದೇ ಮೊದಲ ಪಾಠ.

ಈ ಪಾಠಗಳನ್ನೆಲ್ಲ ಒಂದು ಗ್ರಂಥದಲ್ಲಿ ಕೂಡಿಸಿದಾತ ಕನ್ನಡಿಗನಲ್ಲ, ರಾಬಿನ್ ವಿಗಿಂಗ್‌ಟನ್ ಎಂಬ ಆಂಗ್ಲ ಸಂಗ್ರಾಹಕ. ಷೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡಿನಲ್ಲಿ ಕುಳಿತು ಟಿಪ್ಪೂವಿನ ಆಯುಧಗಳನ್ನು ಒಂದೊಂದಾಗಿ ಕೂಡಿಸಿ, 1783ರಿಂದ 1799ರವರೆಗಿನ ಕೋವಿಗಳನ್ನು ಕುರಿತು 1992ರಲ್ಲಿ ಆತ ಗ್ರಂಥ ಪ್ರಕಟಿಸಿದನು. ಆ ಸಂಗ್ರಹ 2005ರಲ್ಲಿ ಲಂಡನ್ನಿನ ಸದಬೀಸ್ ಹರಾಜುಮನೆಯಲ್ಲಿ ಚದುರಿಹೋಯಿತು.

ಅಟ್ಟದಲ್ಲಿ ಸಿಕ್ಕಿತು, ಬಾವಿಯಲ್ಲಿ ಸಿಕ್ಕಿತು

ಇನ್ನು ಸಿಗಲು ಏನು ಉಳಿದಿದೆಯೆಂದು ಕೇಳುವವರಿಗೆ 2019ರ ಪ್ರಸಂಗ ಉತ್ತರ. ಇಂಗ್ಲೆಂಡಿನ ಬರ್ಕ್‌ಷೈರಿನ ಒಂದು ಮನೆಯವರು ಅಟ್ಟವನ್ನು ಶೋಧಿಸುತ್ತಿರುವಾಗ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಗಂಟುಗಳು ಸಿಕ್ಕವು. ಬಿಚ್ಚಿದರೆ ಬೆಳ್ಳಿಕಟ್ಟಿನ ಚಕಮಕಿ ಬಂದೂಕು, ಅದರ ಸನೀನು, ಕತ್ತಿಗಳು! ಈಸ್ಟ್ ಇಂಡಿಯಾ ಕಂಪೆನಿಯಲ್ಲಿ ಮೇಜರಾಗಿದ್ದ ಥಾಮಸ್ ಹಾರ್ಟ್ ಎಂಬ ಪೂರ್ವಿಕ ಶ್ರೀರಂಗಪಟ್ಟಣದಿಂದ ತಂದವು. ಆ ವರ್ಷದ ಮಾರ್ಚಿನಲ್ಲಿ ಹರಾಜಾದಾಗ ಬಂದೂಕೊಂದಕ್ಕೇ 60,000 ಪೌಂಡು ಬಂದಿತು. ಒಟ್ಟು ಒಂದು ಲಕ್ಷವನ್ನು ಮೀರಿತು. ಅಟ್ಟದ ಧೂಳಿನಲ್ಲಿ ಬಿದ್ದಿದ್ದ ವಸ್ತುವಿಗೆ ಈ ಬೆಲೆಯಾದರೆ, 2023ರ ಮೇ ತಿಂಗಳಿನಲ್ಲಿ ಸುಲ್ತಾನನ ಶಯನಗೃಹದ ಖಡ್ಗ ಬಾನಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋದುದು ಯಾರನ್ನು ಬೆರಗುಗೊಳಿಸದು?

ಸ್ವದೇಶದಲ್ಲಿ ಸಿಕ್ಕ ಕಥೆ ಬೇರೆ ತೆರನದು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, ತೋಟವೊಂದರ ಪಾಳುಬಾವಿಯಿಂದ 2002ರಲ್ಲಿ ಕಬ್ಬಿಣದ ಕೊಳವೆಗಳು ಹೊರಬಂದವು. ಬಹುಕಾಲ ಅವು ಏನೆಂದೇ ಗೊತ್ತಾಗಲಿಲ್ಲ. ಅವು ಹೈದರ್ ಟಿಪ್ಪೂಗಳ ಕಾಲದ ಯುದ್ಧದ ರಾಕೆಟ್ಟುಗಳೆಂದು ತಿಳಿದ ಮೇಲೆ, 2018ರಲ್ಲಿ ಪುರಾತತ್ತ್ವ ಇಲಾಖೆಯವರು ಅದೇ ಬಾವಿಯನ್ನು ಅಗೆಸಿದಾಗ ಸಾವಿರಕ್ಕೂ ಹೆಚ್ಚು ಸಿಕ್ಕವು. ಇಂಗ್ಲೆಂಡಿನ ಅಟ್ಟದಲ್ಲಿದ್ದುದಕ್ಕೆ ಪೂರ್ವಿಕನ ಹೆಸರಿತ್ತು, ಮನೆತನದ ಕಥೆಯಿತ್ತು. ನಗರದ ಬಾವಿಯಲ್ಲಿದ್ದುದಕ್ಕೆ ಯಾವ ಹೆಸರೂ ಇರಲಿಲ್ಲ. ಆದರೆ ಅವು ಚೆದುರದೆ ಒಂದೆಡೆಯೇ ಉಳಿದು ನಾಡಿನ ಸೊತ್ತಾದವು. ಅಂದು ತೋಟದಿಂದ ಅವು ಗುಜರಿಯವನ ತಕ್ಕಡಿಗೆ ಹೋಗಿದ್ದರೆ? ಕಬ್ಬಿಣದ ಬೆಲೆ ಬರುತ್ತಿತ್ತು, ಅಷ್ಟೆ.

ತಿರುಗುವ ಉರುಳೆ

ಟಿಪ್ಪೂವಿನ ಕಾಲಕ್ಕೆ ರಿವಾಲ್ವರು ಇನ್ನೂ ಬಳಕೆಗೆ ಬಂದಿರಲಿಲ್ಲ. ಬಾಸ್ಟನ್ನಿನ ಎಲಿಷಾ ಕಾಲಿಯರ್ ಎಂಬಾತ 1818ರಲ್ಲಿ ಲಂಡನ್ನಿನಲ್ಲಿ ಚಕಮಕಿಯ ರಿವಾಲ್ವರಿಗೆ ಹಕ್ಕುಪತ್ರ ಪಡೆದನು. 1836ರಲ್ಲಿ ಅಮೆರಿಕೆಯ ಸ್ಯಾಮ್ಯುಅಲ್ ಕೋಲ್ಟ್ ಅದನ್ನು ಕೇಪಿನಿಂದ ಸಿಡಿಯುವ, ನಂಬಿಕೆಗೆ ಅರ್ಹವಾದ ಆಯುಧವನ್ನಾಗಿ ಮಾಡಿದನು. ಒಂದೇ ನಳಿಗೆ, ಅದರ ಹಿಂದೆ ಐದಾರು ಮನೆಗಳುಳ್ಳ ಉರುಳೆ, ಒಂದು ಗುಂಡು ಹಾರಿದ ಮೇಲೆ ಉರುಳೆ ತಿರುಗಿ ಮುಂದಿನ ಮನೆ ನಳಿಗೆಯ ನೇರಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ 1851ರಲ್ಲಿ ರಾಬರ್ಟ್ ಆಡಮ್ಸ್ ಅದಕ್ಕೆ ಪೈಪೋಟಿ ಕೊಟ್ಟನು. ಕೊನೆಗೆ 1887ರಲ್ಲಿ ಬ್ರಿಟಿಷ್ ಸೈನ್ಯ ವೆಬ್ಲಿ ರಿವಾಲ್ವರನ್ನು ಸ್ವೀಕರಿಸಿತು. ನಡುವೆ ಮುರಿದಂತೆ ಬಾಗಿಸಿದರೆ ಆರು ಖಾಲಿ ಕೇಪುಗಳೂ ಒಮ್ಮೆಲೆ ಹೊರಕ್ಕೆ ಚಿಮ್ಮುವುದು ಇದರ ಹೆಚ್ಚುಗಾರಿಕೆ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಇದರ ಆರನೆಯ ಮಾದರಿ ಬಂದಿತು. 1932ರಲ್ಲಿ ಹಗುರಾದ ಎನ್‌ಫೀಲ್ಡ್ ರಿವಾಲ್ವರು ಅದರ ಸ್ಥಾನಕ್ಕೆ ಬಂದಿತು. ಹಳೆಯ ಸೈನ್ಯಾಧಿಕಾರಿಗಳ ಮನೆಯ ಟ್ರಂಕುಗಳಲ್ಲಿ, ಹಿಡಿಯ ತುದಿಗೆ ಹುರಿ ಕಟ್ಟುವ ಬಳೆಯೊಡನೆ ಕಾಣಸಿಗುವುದು ಸಾಮಾನ್ಯವಾಗಿ ಇವೆರಡರಲ್ಲಿ ಒಂದು.

ಪರೀಕ್ಷಿಸುವವನು ಮೊದಲು ನೋಡುವುದು ಹೊಳಪನ್ನಲ್ಲ, ಅಂಕಿಯನ್ನು. ಚೌಕಟ್ಟಿನ ಮೇಲಿನ ಸಂಖ್ಯೆಯೂ ಉರುಳೆಯ ಸಂಖ್ಯೆಯೂ ಒಂದೇ ಆಗಿದ್ದರೆ ಆಯುಧ ಹುಟ್ಟಿದಂತೆಯೇ ಉಳಿದಿದೆಯೆಂದು ಅರ್ಥ. ಬೇರೆಯಾಗಿದ್ದರೆ ಎರಡು ಮುರುಕುಗಳನ್ನು ಯಾರೋ ಜೋಡಿಸಿದ್ದಾರೆ. ಬಾಣದ ಮೊನೆಯಂತಹ ಗುರುತು ಬ್ರಿಟಿಷ್ ಸರ್ಕಾರದ ಸೊತ್ತೆಂಬುದಕ್ಕೆ ಸಾಕ್ಷಿ. ಅದರ ಮೇಲೆ ‘ಐ’ ಅಕ್ಷರವಿದ್ದರೆ ಭಾರತ ಸರ್ಕಾರದ್ದು. ಎರಡೂ ಇಲ್ಲದಿದ್ದರೆ ನಕಲಿಯೆಂದು ಎಸೆಯಬೇಕಾಗಿಲ್ಲ. ಅಂದಿನ ಅಧಿಕಾರಿಗಳಲ್ಲಿ ಅನೇಕರು ರಿವಾಲ್ವರನ್ನು ಸ್ವಂತ ಹಣದಿಂದಲೇ ಕೊಳ್ಳುತ್ತಿದ್ದರು. ಅಕ್ಷರಗಳ ಅಂಚು ಮೊನಚಾಗಿರಬೇಕು. ಮಸುಕಾಗಿ ಕರಗಿದಂತಿದ್ದರೆ ಯಾರೋ ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆ.

ಇಷ್ಟಾದ ಮೇಲೆ ಕಥೆ. ಇದು ಇಂತಹ ಯುದ್ಧದಲ್ಲಿ ಇಂತಹ ವೀರನ ಸೊಂಟದಲ್ಲಿತ್ತು ಎಂದು ಹೇಳುವುದು ಸುಲಭ. ಆದರೆ ಕಥೆಗೆ ಕಾಗದ ಬೇಕು. ಒಂದು ಪತ್ರ, ಸಮವಸ್ತ್ರದ ಒಂದು ಛಾಯಾಚಿತ್ರ, ಸೇವಾಪುಸ್ತಕದ ಒಂದು ಪುಟ, ಹಳೆಯ ಪರವಾನಗಿ, ಇವುಗಳಲ್ಲೊಂದು ಜೊತೆಗಿದ್ದರೆ ಕಬ್ಬಿಣ ಇತಿಹಾಸವಾಗುತ್ತದೆ. ಅಜ್ಜನ ಆಯುಧವನ್ನು ಕಾಪಾಡಿ ಅಜ್ಜನ ಕಾಗದಗಳನ್ನು ಒಲೆಗೆ ಹಾಕುವ ಮನೆಗಳು ಎಷ್ಟಿಲ್ಲ!

ಬೆಳಗಿದರೆ ಕೆಟ್ಟಿತು

ನಮ್ಮ ಮನೆಗಳಲ್ಲಿ ಹಳೆಯ ಆಯುಧಕ್ಕೆ ದೊಡ್ಡ ಶತ್ರುವೆಂದರೆ ಶುಚಿತ್ವದ ಅಭಿಮಾನ. ಆಯುಧಪೂಜೆಯ ಮುನ್ನಾದಿನ ಹುಣಸೆಹಣ್ಣು, ಬೂದಿ, ಉಪ್ಪುಕಾಗದಗಳು ಹೊರಬರುತ್ತವೆ. ಇನ್ನೂರು ವರ್ಷ ಉಳಿದ ಚಿನ್ನದ ಎಳೆ, ಮುದ್ರೆ, ಅಂಕಿಗಳು ಅರ್ಧ ಗಂಟೆಯಲ್ಲಿ ಮಾಯವಾಗುತ್ತವೆ. ಉಕ್ಕಿನ ಮೇಲೆ ಕಾಲ ಹಚ್ಚಿದ ಕಂದುಛಾಯೆ ಕೊಳೆಯಲ್ಲ. ಅದೇ ವಸ್ತುವಿನ ವಯಸ್ಸಿನ ದಾಖಲೆ, ಅದೇ ಬೆಲೆ. ಮೆತ್ತನೆಯ ಬಟ್ಟೆಯಿಂದ ಧೂಳು ಒರಸಿ, ತೆಳುವಾಗಿ ಯಂತ್ರದ ಎಣ್ಣೆ ಸವರಿದರೆ ಸಾಕು. ಕೊಬ್ಬರಿ ಎಣ್ಣೆ ಕೂಡದು. ಬೆವರಿನ ಉಪ್ಪು ತುಕ್ಕಿಗೆ ಬೀಜವಾದುದರಿಂದ ಬರಿಗೈಯಿಂದ ಮುಟ್ಟದಿರುವುದು ಲೇಸು. ತೊಗಲಿನ ಚೀಲದಲ್ಲಿಯೇ ಇಟ್ಟರೆ ಭದ್ರವೆಂಬುದು ತಪ್ಪು ತಿಳಿವಳಿಕೆ. ತೊಗಲು ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಚೀಲವನ್ನೂ ಆಯುಧವನ್ನೂ ಬೇರೆ ಬೇರೆ ಇಡಬೇಕು.

ಆಯುಧವನ್ನು ಮನೆಯ ಹಿರಿಯನಂತೆ ಕಾಣುವುದನ್ನು ಕಲಿಯಬೇಕಾದರೆ ಕೊಡಗಿಗೆ ಹೋಗಬೇಕು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವುದು ವಾಡಿಕೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ‘ತೋಕ್ ಪೂ’ ಮುಡಿಸಿ ಪೂಜಿಸುತ್ತಾರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ಕೋವಿಯ ವಿನಾಯಿತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಊರ್ಜಿತವಾಯಿತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದು, ಸೈನ್ಯದ ಆಯುಧಗಳನ್ನು ಎಲ್ಲರೂ ನೋಡುವಂತಾಗಿದೆ.

ಪೆಟ್ಟಿಗೆಯಲ್ಲಿ ಸಿಕ್ಕರೆ

ಉಳಿದ ಜಿಲ್ಲೆಗಳವರಿಗೆ ಆ ವಿನಾಯಿತಿ ಇಲ್ಲ. ತೀರಿಕೊಂಡ ಹಿರಿಯರ ಪೆಟ್ಟಿಗೆಯಲ್ಲಿ ಪಿಸ್ತೂಲೋ ರಿವಾಲ್ವರೋ ಸಿಕ್ಕರೆ ಮಾಡಬೇಕಾದುದೇನು? ಮೊದಲನೆಯದಾಗಿ, ಅದರಲ್ಲಿ ಗುಂಡು ತುಂಬಿದೆಯೆಂದೇ ಭಾವಿಸಬೇಕು. ಕರಿಮದ್ದು ಒಣಗಿದ್ದರೆ ನೂರಾರು ವರ್ಷಗಳ ಮೇಲೂ ಸಿಡಿಯಬಲ್ಲುದು. ಕೊಂಡಿ ಎಳೆದು ನೋಡುವ ಚಪಲ ಬೇಡ. ಮಕ್ಕಳ ಕೈಗೆ ಆಟಕ್ಕೆ ಕೊಡುವುದಂತೂ ಸಲ್ಲ. ಎರಡನೆಯದಾಗಿ, ಮುಚ್ಚಿಡದೆ ಪೋಲೀಸು ಠಾಣೆಗೆ ತಿಳಿಸಬೇಕು. ಹಳೆಯದು ಎಂಬ ಮಾತ್ರಕ್ಕೆ ಪರವಾನಗಿ ಬೇಡವೆನ್ನುವುದು ಅನೇಕರನ್ನು ತೊಂದರೆಗೆ ಈಡುಮಾಡಿದ ನಂಬಿಕೆ. 1959ರ ಆಯುಧ ಕಾಯಿದೆ 45ನೆಯ ವಿಧಿಯಲ್ಲಿ ಬಿಡುಗಡೆ ಕೊಟ್ಟಿರುವುದು ಹಳೆಯ ಮಾದರಿಯ, ಪುರಾತನ ಬೆಲೆಯ, ಅಥವಾ ಕೆಟ್ಟುಹೋದ ಆಯುಧಗಳಿಗೆ ನಿಜ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲಾರದಂತಿರಬೇಕು ಎಂಬ ಷರತ್ತು ಅದಕ್ಕೆ ಅಂಟಿಕೊಂಡಿದೆ. ವೆಬ್ಲಿಯಂತಹ ರಿವಾಲ್ವರು ನೂರು ವರ್ಷದ್ದಾದರೂ ಹಾರಬಲ್ಲುದು. ಆದುದರಿಂದ ಅದು ಕಾಯಿದೆಯ ಕಣ್ಣಿನಲ್ಲಿ ಆಯುಧವೇ. 2019ರ ತಿದ್ದುಪಡಿಯ ಮೇಲೆ ಸಾಮಾನ್ಯ ಪರವಾನಗಿದಾರನೊಬ್ಬ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ.

ಮೂರನೆಯದಾಗಿ, ನೆಲದಲ್ಲಿ ಹುದುಗಿ ಸಿಕ್ಕಿದ್ದರೆ ಅದು ನಿಧಿಯ ಕಾಯಿದೆಗೂ ಒಳಪಡಬಹುದು. ಜಿಲ್ಲಾಧಿಕಾರಿಗೆ ತಿಳಿಸುವುದೇ ಕ್ಷೇಮ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಕಳಿಸುವುದನ್ನು 1972ರ ಕಾಯಿದೆ ನಿಷೇಧಿಸಿದೆ. ಲಂಡನ್ನಿನ ಹರಾಜಿನ ಬೆಲೆ ಕೇಳಿ ಕನಸು ಕಾಣುವವರು ಇದನ್ನು ಮರೆಯಬಾರದು. ವಸ್ತು ಏನೆಂದು ತಿಳಿಯಲು ಮೈಸೂರಿನಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯಿದೆ. ತಿಳಿದವರು ನೋಡುವ ಮೊದಲು ಬಡಗಿಯನ್ನೂ ಕಮ್ಮಾರನನ್ನೂ ಅದರ ಹತ್ತಿರ ಬಿಡದಿರುವುದೇ ದೊಡ್ಡ ಉಪಕಾರ.

ಇಷ್ಟೊಂದು ತೊಡಕಿದ್ದರೆ ಸಂಗ್ರಹದ ಸುಖವೆಲ್ಲಿ ಎಂದು ಕೇಳಬಹುದು. ನೋಡುವ ಸುಖಕ್ಕೆ ಪರವಾನಗಿ ಬೇಡವಷ್ಟೆ. 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ರಜೆಯಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗುವ ಸಂಸಾರಗಳು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುವ ಕರ್ನಲ್ ಬೇಲಿಯನ್ನು ಕಂಡು ನಕ್ಕು ಮುಂದೆ ಸಾಗುತ್ತವೆ. ಆತನ ಸುತ್ತ ಸಾಲುಗಟ್ಟಿ ನಿಂತ ಸಿಪಾಯಿಗಳ ಕೈಯನ್ನು ಒಂದು ಗಳಿಗೆ ನಿಂತು ನೋಡಬೇಕು. ಇಂದು ಕಡಲಾಚೆಯ ಗಾಜಿನ ಪೆಟ್ಟಿಗೆಗಳಲ್ಲಿ ಒಂಟಿಯಾಗಿ ಮಲಗಿರುವ ಕೋವಿಗಳ ಒಡಹುಟ್ಟುಗಳು ಅಲ್ಲಿ ಹಿಡಿದವರೊಡನೆಯೇ ನಿಂತಿವೆ. ಕಾವೇರಿಯ ದಡದಲ್ಲಿ ತಯಾರಾದ ಆ ಕೈಗೆಲಸದಲ್ಲಿ ಇನ್ನೂ ಒಂದೆರಡಾದರೂ ಈ ಸೀಮೆಯ ಯಾವುದೋ ಅಟ್ಟದಲ್ಲಿ, ಯಾವುದೋ ಪಾಳುಬಾವಿಯಲ್ಲಿ ಉಳಿದಿರಬಹುದು. ಅದು ತಕ್ಕಡಿಗೆ ಹೋಗುವುದೋ ಸಂಗ್ರಹಾಲಯಕ್ಕೆ ಹೋಗುವುದೋ, ಅದನ್ನು ಮೊದಲು ಕಂಡವರ ಕೈಯಲ್ಲಿದೆ.